ಮೂರು ಸೊನ್ನೆಯ ಕೋಣೆ

ಕೀಬೋರ್ಡಿನ ‘ಕೆ’ ಗುಂಡಿಯ ಸಂದಿಯಲ್ಲಿ ಕುಂಕುಮ ಕೂತಿತ್ತು. ಮೆಲ್ಲಗೆ ಒತ್ತಿದರೆ ಅಕ್ಷರ ಮೂಡುತ್ತಿರಲಿಲ್ಲ, ಜೋರಾಗಿ ಒತ್ತಿದರೆ ಎರಡು ಮೂಡುತ್ತಿದ್ದವು. ಇವೆರಡರ ನಡುವಿನ ಹದ ತಿಳಿದಿದ್ದವರು ನಾನು ಮತ್ತು ನಮ್ಮ ಭೌತಶಾಸ್ತ್ರದ ಮೇಷ್ಟ್ರು ಇಬ್ಬರೇ.

ಕುಂಕುಮ ಇಟ್ಟವರು ಪ್ರಿನ್ಸಿಪಾಲರು. ಎಂಬತ್ತರ ದಶಕದ ನಡುವಿನಲ್ಲಿ ಕಡೂರಿನ ನಮ್ಮ ಕಾಲೇಜಿಗೆ ಕಂಪ್ಯೂಟರ್ ಬಂತು. ಒಂದೇ ಒಂದು. ಆ ವರ್ಷದ ಆಯುಧಪೂಜೆಗೆ ಅವರು ಪರದೆಗೆ ವಿಭೂತಿ ಎಳೆದು, ಕೀಬೋರ್ಡಿಗೆ ಅರಿಶಿನ ಕುಂಕುಮ ಇಟ್ಟು, ಮುಂದೆ ತೆಂಗಿನಕಾಯಿ ಒಡೆಯಲು ಹೊರಟಿದ್ದರು. ಕಾಯಿಯ ನೀರು ಒಳಗೆ ಹೋದರೆ ಸರಕಾರಕ್ಕೆ ಉತ್ತರ ಹೇಳಬೇಕಾಗುತ್ತದೆ ಎಂದು ಮೇಷ್ಟ್ರು ಕೈ ಹಿಡಿದರು. ಅದರ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ನಮ್ಮ ತರಗತಿಗಳಿಗೆ ಫ್ಯಾನು ಇರಲಿಲ್ಲ, ಅದಕ್ಕೆ ಏರ್ ಕಂಡೀಷನರ್ ಇತ್ತು. ಬಿಸಿಲಿನ ದಿನಗಳಲ್ಲಿ ಪ್ರಿನ್ಸಿಪಾಲರು ತಮ್ಮ ಕಡತಗಳನ್ನೆಲ್ಲ ಆ ಕೋಣೆಗೆ ತರಿಸಿಕೊಂಡು ಅಲ್ಲೇ ಸಹಿ ಮಾಡುತ್ತಿದ್ದರು. ಈ ವಯಸ್ಸಿನಲ್ಲೂ ವಿಜ್ಞಾನದ ಬಗ್ಗೆ ಅವರಿಗೆ ಎಂಥ ಆಸಕ್ತಿ ಎಂದು ಕಚೇರಿಯವರು ಹೊಗಳುತ್ತಿದ್ದರು.

ಯಂತ್ರದಿಂದ ಆಗುತ್ತಿದ್ದ ಕೆಲಸ ಒಂದೇ. ಊರಿಗೆ ಯಾರಾದರೂ ದೊಡ್ಡವರು ಬಂದರೆ ಪರದೆಯ ಮೇಲೆ ಅವರ ಹೆಸರನ್ನು ಮಿನುಗಿಸಿ ಸ್ವಾಗತ ಕೋರುವುದು. ದೊಡ್ಡವರು ಬಾಗಿ ತಮ್ಮ ಹೆಸರನ್ನು ತಾವೇ ಓದಿಕೊಂಡು, ‘ಅದ್ಭುತ, ಎಲ್ಲ ತಿಳಿದಿದೆ ಇದಕ್ಕೆ’ ಎಂದು ಕಾಫಿಗೆ ಹೋಗುತ್ತಿದ್ದರು.

ಮೇಷ್ಟ್ರು ಬೆಂಗಳೂರಿನಲ್ಲಿ ಕೆಲವು ದಿನ ತರಬೇತಿ ಪಡೆದು ಬಂದವರು. ಗೊತ್ತಿಲ್ಲದ್ದು ಕೇಳಿದರೆ ‘ಅದು ಸಿಲಬಸ್ಸಿನಲ್ಲಿಲ್ಲ’ ಎನ್ನುವುದೊಂದನ್ನು ಬಿಟ್ಟರೆ ಒಳ್ಳೆಯ ಮನುಷ್ಯರು. ಬಿ.ಎಸ್ಸಿ. ಕೊನೆಯ ವರ್ಷದ ನಮಗೆ ಸಂಜೆ ಪ್ರೋಗ್ರಾಂ ಬರೆಯಲು ಬಿಡುತ್ತಿದ್ದರು. ಸಂಕ್ರಾಂತಿ ಕಳೆದು ನಡೆಯುವ ಕಾಲೇಜಿನ ವಸ್ತುಪ್ರದರ್ಶನಕ್ಕೆ ಎಲ್ಲರೂ ಏನಾದರೂ ಮಾಡಬೇಕಿತ್ತು. ಹುಡುಗರೆಲ್ಲ ಸೇರಿ ರಾಷ್ಟ್ರಧ್ವಜ ಬರೆಯುವ ಪ್ರೋಗ್ರಾಂ ಹಿಡಿದರು. ಪರದೆಯ ಮೇಲೆ ಅವರ ಚಕ್ರ ಗುಂಡಗೆ ಬರಲಿಲ್ಲ, ಕೋಳಿಮೊಟ್ಟೆಯಂತೆ ಬಂತು. ಕೊನೆಯವರೆಗೂ ಹಾಗೇ ಬಂತು, ಮೊದಲ ಬಹುಮಾನವೂ ಬಂತು.

ನಾನು ಆರಿಸಿಕೊಂಡದ್ದು ಕೈಪಿಡಿಯ ಕೊನೆಯಲ್ಲಿದ್ದ ಒಂದು ಬಗೆಯ ಆಟ. ಅದರಲ್ಲಿ ಚಿತ್ರವಿಲ್ಲ, ಬರೀ ಮಾತು. ನೀನು ಇಂಥ ಕೋಣೆಯಲ್ಲಿದ್ದೀಯ, ಅಲ್ಲಿ ಇಂಥದು ಕಾಣುತ್ತಿದೆ ಎಂದು ಯಂತ್ರ ಬರೆಯುತ್ತದೆ. ಆಡುವವರು ಉತ್ತರ, ಪೂರ್ವ ಎಂದು ದಿಕ್ಕು ಬರೆದರೆ ಮುಂದಿನ ಕೋಣೆಗೆ ಕರೆದೊಯ್ಯುತ್ತದೆ. ತೆಗೆ, ತೆರೆ, ಹಚ್ಚು ಎಂದು ಕೆಲಸ ಹೇಳಿದರೆ ಮಾಡುತ್ತದೆ. ಒಳಗಿನ ಗುಟ್ಟು ಸರಳ. ಪ್ರತಿ ಕೋಣೆಗೂ ಒಂದು ಸಂಖ್ಯೆ, ಅದರ ಮುಂದೆ ನಾಲ್ಕು ದಿಕ್ಕಿಗೆ ನಾಲ್ಕು ಸಂಖ್ಯೆ. ಉತ್ತರಕ್ಕೆ ಹೋದರೆ ಎಷ್ಟನೆಯ ಕೋಣೆ, ಪೂರ್ವಕ್ಕೆ ಹೋದರೆ ಎಷ್ಟನೆಯದು, ಹೀಗೆ. ಬಾಗಿಲಿಲ್ಲದ ಕಡೆ ಸೊನ್ನೆ. ಸೊನ್ನೆ ಎಂದರೆ ಗೋಡೆ.

ಕೈಪಿಡಿಯ ಉದಾಹರಣೆಯಲ್ಲಿ ಗುಹೆಯಿತ್ತು, ಕತ್ತಿಯಿತ್ತು, ನಿಧಿಯಿತ್ತು. ನಾನು ಗುಹೆ ಕಂಡವಳಲ್ಲ. ಶಾಲೆಯಿಂದ ಕೆಮ್ಮಣ್ಣುಗುಂಡಿಗೆ ಕರೆದೊಯ್ದಾಗ ಮಂಜಿನಲ್ಲಿ ನನಗೆ ಕಂಡದ್ದು ಮುಂದಿನವಳ ಜಡೆ ಮಾತ್ರ. ಆದರೆ ಆ ತಿಂಗಳು ನನ್ನ ಕೈಗೊಂದು ಮನೆ ಸಿಕ್ಕಿತು. ಗುಹೆಯಂತೆಯೇ ನಾನು ಅದನ್ನೂ ಕಂಡಿರಲಿಲ್ಲ.

ಮನೆ ತರೀಕೆರೆಯದು. ಅಕ್ಕಿ ಗಿರಣಿಯವರು. ಅವರ ಹುಡುಗನಿಗೆ ನನ್ನನ್ನು ಕೇಳಿಕೊಂಡು ಬಂದಿದ್ದರು. ಅಜ್ಜಂಪುರದ ನಮ್ಮ ಮನೆಯಲ್ಲಿ ಹೆಣ್ಣು ನೋಡುವುದು ಮುಗಿದಿತ್ತು. ನಾನು ಉಪ್ಪಿಟ್ಟು ತಂದಿಟ್ಟೆ, ಹುಡುಗ ಉಪ್ಪಿಟ್ಟನ್ನು ನೋಡಿದ, ಅವನ ತಾಯಿ ನನ್ನನ್ನು ನೋಡಿದರು. ಅವರು ಒಪ್ಪುವ ಹಾಗಿದ್ದರು. ಮಾಘದ ಕೊನೆಗೆ ಮದುವೆ ಆಗಬೇಕು ಎಂಬುದೊಂದೇ ಅವರ ಷರತ್ತು. ನನ್ನ ಕೊನೆಯ ಪರೀಕ್ಷೆ ಏಪ್ರಿಲಿನಲ್ಲಿತ್ತು. ಅದು ಮುಗಿದರೆ ಎಂ.ಎಸ್ಸಿ.ಗೆ ಅರ್ಜಿ ಹಾಕಬೇಕೆಂದು ನಾನು ಎಣಿಸಿಕೊಂಡಿದ್ದೆ. ‘ಪರೀಕ್ಷೆ ಎಲ್ಲಿಗೋಗುತ್ತೆ, ವರ್ಷಾವರ್ಷಾ ಬತ್ತದೆ. ಇಂಥ ಗಂಡು ಬತ್ತದಾ?’ ಎಂದು ಸೋದರಮಾವ ಕೇಳಿದರು. ಆ ಸಂಬಂಧ ತಂದವರೇ ಅವರು. ನಾನು ಏನೂ ಹೇಳಲಿಲ್ಲ. ನಮ್ಮಲ್ಲಿ ಹುಡುಗಿ ಏನೂ ಹೇಳದಿದ್ದರೆ ಹೂಂ ಎಂದಂತೆ. ನಾನು ಹುಟ್ಟಿನಿಂದಲೇ ಕಡಿಮೆ ಮಾತಿನವಳು. ಆ ಲೆಕ್ಕದಲ್ಲಿ ನಾನು ಅದುವರೆಗೆ ಎಷ್ಟಕ್ಕೆ ಹೂಂ ಎಂದಿದ್ದೆನೋ ನನಗೇ ಗೊತ್ತಿರಲಿಲ್ಲ.

ಹೆಣ್ಣು ನೋಡಿದ ಮೇಲೆ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಿ ಬರಬೇಕು. ಅಪ್ಪಾಜಿ, ಅಮ್ಮ, ದೊಡ್ಡಮ್ಮ, ಮಾವ ಎಲ್ಲರೂ ಬಸ್ಸು ಹತ್ತಿ ತರೀಕೆರೆಗೆ ಹೋದರು. ಆ ಮನೆಯಲ್ಲಿ ಬಾಳಬೇಕಾದವಳನ್ನು ಮಾತ್ರ ಕರೆದೊಯ್ಯುವ ಹಾಗಿಲ್ಲ. ಅವಳು ಮೊದಲ ಸಲ ಆ ಹೊಸಿಲು ದಾಟುವಾಗ ಸೇರಕ್ಕಿ ಒದ್ದೇ ದಾಟಬೇಕು, ಅದಕ್ಕೆ ಮುಂಚೆ ಕಾಲಿಟ್ಟರೆ ಶುಭವಲ್ಲ. ಸೀರೆ ಕೊಳ್ಳುವಾಗ ಅಂಚು ತಿರುವಿ ನೋಡಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಅಂಗಡಿಯವನ ಕಡೆ ಎಸೆದು ಬರುವ ನಮ್ಮ ದೊಡ್ಡಮ್ಮ ಇದನ್ನು ಹೇಳುವಾಗ ನಗಲಿಲ್ಲ.

ಸಂಜೆ ಅವರು ಮನೆಯನ್ನು ಬಾಯಲ್ಲಿ ಹೊತ್ತು ತಂದರು. ಮಾವ ನಡುಮನೆಯ ಕಂಬಗಳ ಸುತ್ತಳತೆಯನ್ನು ತೋಳಿನಲ್ಲಿ ತೋರಿಸಿದರು. ದೊಡ್ಡಮ್ಮ ಉಗ್ರಾಣದ ಹಿತ್ತಾಳೆ ಕೊಳಗಗಳನ್ನೂ, ಕಂಬಕ್ಕೆ ತಗುಲಿಸಿದ ಗಡಿಯಾರವನ್ನೂ ನೋಡಿದ್ದರು. ಗಡಿಯಾರ ಬೇಕೆಂದೇ ಮುಂದೆ ಓಡುವಂತೆ ಇಟ್ಟಿದ್ದಾರಂತೆ. ಅಪ್ಪಾಜಿ ಪಡಸಾಲೆಯಲ್ಲಿ ಕೂತಲ್ಲೇ ಕೂತಿದ್ದರು, ಅವರಿಗೆ ಪಡಸಾಲೆ ಚೆನ್ನಾಗಿ ಗೊತ್ತಿತ್ತು. ಆಟ ಬರೆಯಲು ನನಗೆ ಬೇಕಾದದ್ದು ಬಾಗಿಲುಗಳು.

‘ನಡುಮನೆಯಿಂದ ಅಡುಗೆಮನೆಗೆ ಬಾಗಿಲು ಯಾವ ದಿಕ್ಕಿಗಿದೆ?’ ಎಂದು ಕೇಳಿದೆ.

ದೊಡ್ಡಮ್ಮ ಉತ್ತರ ಎಂದರು. ಮಾವ ಪಶ್ಚಿಮ ಎಂದರು. ‘ನೀವು ಅಡುಗೆಮನೆಗೆ ಯಾವಾಗ್ ಹೋಗಿದ್ರಿ?’ ಎಂದು ದೊಡ್ಡಮ್ಮ ಗದರಿದರು. ‘ಅಲ್ಲಿಂದ ಕಾಫಿ ಬಂತಲ್ಲ ಕಣಮ್ಮ, ಬಂದ ದಿಕ್ಕು ನೋಡ್ಕೊಂಡಿದೀನಿ’ ಎಂದರು ಮಾವ.

‘ಉಗ್ರಾಣಕ್ಕೆ?’

‘ನೋಡ್ರೀ, ಈಗ್ಲಿಂದ್ಲೇ ಉಗ್ರಾಣ ಕೇಳ್ತಾವ್ಳೆ!’ ಮಾವನಿಗೆ ಖುಷಿಯೋ ಖುಷಿ. ‘ಮಾತಾಡಲ್ಲ ಮಾತಾಡಲ್ಲ ಅಂತಿದ್ರಿ, ಒಳಗೆಲ್ಲ ಲೆಕ್ಕ ಹಾಕ್ತಾವ್ಳೆ ಕಣ್ರೀ.’

ಅದು ನಿಜವೇ ಆಗಿತ್ತು.

ಕೊನೆಗೆ ಸರಿಯಾದ ನಕ್ಷೆ ಸಿಕ್ಕಿದ್ದು ಅಮ್ಮನಿಂದ. ಪಾತ್ರೆ ತೊಳೆಯುತ್ತಾ, ನನ್ನ ಕಡೆ ನೋಡದೆ ಹೇಳಿದಳು. ನಡುಮನೆ ಮಧ್ಯದಲ್ಲಿದೆ. ಅಡುಗೆಮನೆ, ದೇವರಮನೆ, ಪಡಸಾಲೆ ಎಲ್ಲಕ್ಕೂ ದಾರಿ ನಡುಮನೆಯಿಂದಲೇ. ಉಗ್ರಾಣಕ್ಕೂ ಹಿತ್ತಲಿಗೂ ಅಡುಗೆಮನೆಯಿಂದ ಹೋಗಬೇಕು. ಹಿತ್ತಲ ಬಾಗಿಲಿಗೆ ಬೀಗ, ಬೀಗದ ಕೈ ಹುಡುಗನ ತಾಯಿಯ ಸೊಂಟದಲ್ಲಿ. ‘ನಿಮ್ಗೆ ಕೊಡೋ ಕೋಣೆ ನಡುಮನೆಗೆ ತಗುಲ್ಕೊಂಡಂಗೆ ಐತೆ. ಒಂದೇ ಬಾಗ್ಲು. ಬಾಗ್ಲ ಮುಂದೆ ಅವ್ರ ಮಂಚ.’

‘ಯಾರ ಮಂಚ?’

‘ಇನ್ಯಾರ್ದು? ನಿಮ್ಮತ್ತೆದು.’ ಬೋಗುಣಿ ಕವುಚಿಹಾಕಿದಳು. ‘ಗಾಳಿ ಚೆನ್ನಾಗಿ ಬತ್ತದಂತೆ ಅಲ್ಲಿ.’

ಹಾಗೆ ಆ ಕೋಣೆಯ ಸಾಲನ್ನು ಬರೆದೆ. ಎಂಟನೆಯ ಕೋಣೆ. ಉತ್ತರ ಸೊನ್ನೆ, ದಕ್ಷಿಣ ಸೊನ್ನೆ, ಪಶ್ಚಿಮ ಸೊನ್ನೆ. ಪೂರ್ವ, ಮೂರು. ಮೂರು ಎಂದರೆ ನಡುಮನೆ.

ಯಂತ್ರಕ್ಕೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಕನ್ನಡ ಮಾತನ್ನೇ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆದೆ. ದಿಕ್ಕಿಗಾದರೆ ಮೊದಲ ಎರಡಕ್ಷರ ಒತ್ತಿದರೆ ಸಾಕು. ಬರೆದದ್ದನ್ನು ಉಳಿಸಿಡಲು ಟೇಪ್‌ರೆಕಾರ್ಡರಿನ ಕ್ಯಾಸೆಟ್ ಬೇಕು. ಖರ್ಚೇಕೆಂದು ಪ್ರಿನ್ಸಿಪಾಲರು ತಮ್ಮ ಮನೆಯಿಂದ ಹಳೆಯ ಭಕ್ತಿಗೀತೆಗಳ ಕ್ಯಾಸೆಟ್ ಕೊಟ್ಟಿದ್ದರು. ಪ್ರತಿ ಸಲ ಆಟ ಶುರುವಾಗುವ ಮುಂಚೆ ಒಬ್ಬರು ‘ಶಿವಾ’ ಎಂದು ಎಳೆಯುತ್ತಿದ್ದರು, ಆಮೇಲೆ ಯಂತ್ರದ ಕಿರುಚಾಟ.

ಆಟ ಹೀಗಿತ್ತು. ಆಡುವವರು ಹೊಸ ಸೊಸೆ. ಮೊದಲು ಹೊಸಿಲ ಮೇಲಿನ ಸೇರಕ್ಕಿ ಒದ್ದು ಒಳಗೆ ಹೋಗಬೇಕು. ಒಳಗೆ ಹೋದ ಮೇಲೆ ಗುರಿ ಒಂದೇ, ಹೊರಗೆ ಬಂದು ಕಡೂರಿನ ಬಸ್ಸು ಹಿಡಿಯುವುದು. ಮುಂಬಾಗಿಲು ದಿನವೆಲ್ಲ ತೆರೆದೇ ಇರುತ್ತದೆ. ಆದರೆ ಅದು ಪಡಸಾಲೆಯಲ್ಲಿದೆ, ಪಡಸಾಲೆಯಲ್ಲಿ ಯಾವಾಗಲೂ ಗಂಡಸರು ಕೂತಿರುತ್ತಾರೆ. ಸೊಸೆ ಅಲ್ಲಿಗೆ ಕಾಲಿಟ್ಟರೆ ಯಂತ್ರ ಅವಳನ್ನು ಹಿಂದಕ್ಕೆ ಕಳಿಸುತ್ತದೆ. ಉಳಿದದ್ದು ಹಿತ್ತಲ ಬಾಗಿಲು. ಅದರ ಬೀಗದ ಕೈಯನ್ನು ‘ತೆಗೆ’ ಎಂದರೆ ಬರುವುದಿಲ್ಲ. ‘ಕೇಳು’ ಎಂದು ಬರೆಯಬೇಕು. ಅದಕ್ಕೂ ಮೊದಲು ಹಾಲು ಇಳಿಸಿರಬೇಕು, ದೀಪ ಹಚ್ಚಿರಬೇಕು. ಇಷ್ಟೆಲ್ಲ ಮಾಡಿ ಕೇಳಿದರೂ ಅತ್ತೆ ಒಮ್ಮೆ ‘ಹೋಗು, ಬೇಗ ಬಾ’ ಎನ್ನುತ್ತಾಳೆ, ಒಮ್ಮೆ ‘ಅವನು ಬರಲಿ’, ಒಮ್ಮೆ ‘ಈಗ್ಯಾಕೆ, ನಾಳೆ ನೋಡೋಣ’. ಯಾವಾಗ ಯಾವುದು ಎಂಬುದಕ್ಕೆ ನಿಯಮವಿಲ್ಲ. ಮನಬಂದಂತೆ ಸಂಖ್ಯೆ ಎತ್ತಿಕೊಡುವ ಆದೇಶವೊಂದು ಯಂತ್ರದಲ್ಲಿತ್ತು, ಅದನ್ನು ಬಳಸಿದೆ. ಸಂಭವನೀಯತೆಯ ಪಾಠ ಇಷ್ಟು ಚೆನ್ನಾಗಿ ನಿನಗೆ ಅರ್ಥವಾಗಿದೆ ಎಂದು ಗೊತ್ತಿರಲಿಲ್ಲ ಎಂದು ಮೇಷ್ಟ್ರು ಮೆಚ್ಚಿದರು.

ಮೊದಲು ಆಡಿ ನೋಡಿದವಳು ನನ್ನ ಗೆಳತಿ. ಕಡೂರಿನವಳು, ಅವಳ ತಂದೆಯ ಗಡಿಯಾರ ರಿಪೇರಿ ಅಂಗಡಿ ಪೇಟೆಯಲ್ಲಿತ್ತು. ಮನೆಯಲ್ಲಿ ದಖನಿ ಉರ್ದು, ನನ್ನ ಹತ್ತಿರ ಕನ್ನಡ, ಬೈಯುವಾಗ ಎರಡೂ.

‘ತಪ್ಪಾಗಿದೆ ಕಣೇ’ ಎಂದಳು. ‘ಈ ರೂಮಿಗೆ ಒಂದೇ ಬಾಗ್ಲು. ಆ ಬಾಗ್ಲಲ್ಲಿ ಮುದುಕಿ ಮಲಗವ್ಳೆ.’

‘ತಪ್ಪಿಲ್ಲ. ಹಾಗೇ ಇರೋದು.’

‘ಯಾರ ಮನೆಯೇ ಇದು?’

ನಾನು ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತತೊಡಗಿದೆ. ಅವಳು ಪರದೆ ನೋಡಿದಳು, ನನ್ನ ಮುಖ ನೋಡಿದಳು, ‘ಯಾ ಅಲ್ಲಾ’ ಎಂದಳು. ಆಮೇಲೆ ನಕ್ಕಳು. ‘ಆಟದಲ್ಲಾದ್ರೆ ಸ್ವಿಚ್ ಆರಿಸ್ಬೋದು. ಅಲ್ಲಿ ಏನ್ ಮಾಡ್ತೀಯ? ಬಾಯಿ ಬಿಡು ಮಾರಾಯ್ತಿ, ಮನೇಲಿ ಬೇಡ ಅನ್ನು.’

‘ಯಾರೂ ಕೇಳಿಲ್ಲ.’

‘ನಿಮ್ಮನೇಲಿ ಕೇಳೋವರ್ಗೂ ಕಾಯ್ತಿಯಾ? ಕಾಯಿ. ಮೊಮ್ಮಕ್ಳ ಮದ್ವೇಲಿ ಕೇಳ್ತಾರೆ.’

ವಸ್ತುಪ್ರದರ್ಶನದ ಮಧ್ಯಾಹ್ನ ನಾನು ಕಂಪ್ಯೂಟರ್ ಕೋಣೆಯಲ್ಲಿ ನಿಂತಿದ್ದೆ. ಮರುದಿನ ಬೆಳಿಗ್ಗೆ ಅಪ್ಪಾಜಿ ಮತ್ತು ಮಾವ ಹಣ್ಣು, ಕಾಯಿ, ವೀಳ್ಯದೆಲೆ ತೆಗೆದುಕೊಂಡು ತರೀಕೆರೆಗೆ ಹೋಗಿ ಮಾತು ಕೊಟ್ಟು ಬರುವುದೆಂದು ಗೊತ್ತಾಗಿತ್ತು. ವೀಳ್ಯ ಕೈ ಬದಲಾಯಿಸಿದ ಮೇಲೆ ನಮ್ಮಲ್ಲಿ ಹಿಂದೆ ಬರುವ ಮಾತಿಲ್ಲ. ಹೇಳುವುದಿದ್ದರೆ ಅಂದೇ ಹೇಳಬೇಕಿತ್ತು. ನಾನಿನ್ನೂ ಹೇಳಿರಲಿಲ್ಲ. ಹಾಗಿರುವಾಗ ಬಾಗಿಲಲ್ಲಿ ಮಾವನ ದನಿ ಕೇಳಿತು.

‘ಬನ್ನಿ ಬನ್ನಿ, ಚಪ್ಪಲಿ ಇಲ್ಲೇ ಬಿಡಿ. ದೇವಸ್ಥಾನ ಇದ್ದಂಗೆ ಇದು.’

ಹಿಂದೆ ಹುಡುಗ, ಅವನ ತಾಯಿ. ಹುಡುಗಿಯ ಕಾಲೇಜನ್ನೂ ಒಮ್ಮೆ ನೋಡಲಿ ಎಂದು ಮಾವ ಕರೆತಂದಿದ್ದರು. ಹುಡುಗ ಸಫಾರಿ ಸೂಟು ಹಾಕಿದ್ದ, ಕೈಯಲ್ಲಿ ಅಂಕಿ ಮಿನುಗುವ ವಾಚು. ಅವನ ತಾಯಿ ಏರ್ ಕಂಡೀಷನರ್ ಕೆಳಗೆ ನಿಂತು ಸೆರಗು ಹೊದ್ದುಕೊಂಡು, ‘ಒಳ್ಳೆ ಲಕ್ಕವಳ್ಳಿ ಡ್ಯಾಮಿನ ಮೇಲೆ ನಿಂತಂಗೆ ಐತಪ್ಪ’ ಎಂದರು. ಪ್ರಿನ್ಸಿಪಾಲರು ಅದನ್ನು ಮೆಚ್ಚುಗೆ ಎಂದು ಸ್ವೀಕರಿಸಿದರು.

‘ನಿಮ್ಮ ಹುಡುಗಿ ಮಾಡಿದ್ದು ಯಾವ್ದು?’ ಎಂದ ಹುಡುಗ. ಮಾವನನ್ನು ಕೇಳಿದ, ನನ್ನನ್ನಲ್ಲ. ಮೇಷ್ಟ್ರು ಉತ್ಸಾಹದಿಂದ ಕ್ಯಾಸೆಟ್ ಹಾಕಿದರು. ಒಬ್ಬರು ‘ಶಿವಾ’ ಎಂದರು. ತಾಯಿ ಕೈ ಮುಗಿದರು.

‘ಕಂಪ್ಯೂಟರ್ ನಮಗೇನು ಹೊಸದಲ್ಲ ಸಾರ್. ಪತ್ರಿಕೇಲೆಲ್ಲ ಓದ್ತಿರ್ತೀವಿ’ ಎಂದು ಹುಡುಗ ಕುರ್ಚಿ ಎಳೆದುಕೊಂಡು ಕೂತ. ತಾಯಿಗೆ ಇಂಗ್ಲಿಷ್ ಅಕ್ಷರ ಬರುವುದಿಲ್ಲವೆಂದು ಮೇಷ್ಟ್ರು ಪರದೆಯಲ್ಲಿ ಬಂದದ್ದನ್ನೆಲ್ಲ ಗಟ್ಟಿಯಾಗಿ ಓದತೊಡಗಿದರು. ಪಕ್ಕದ ಕೋಣೆಯವರೂ ಬಂದು ನೆರೆದರು. ನನ್ನ ಗೆಳತಿ ಕಿಟಕಿಯ ಹತ್ತಿರ ಜಾಗ ಹಿಡಿದಳು.

‘ಹೊಸಿಲ ಮುಂದೆ ನಿಂತಿದ್ದೀಯ. ಏನು ಮಾಡುತ್ತೀಯ?’

ಹುಡುಗ ‘ಹೋಗು’ ಎಂದು ಬರೆದ.

‘ಸೇರು ಅಡ್ಡ ಇದೆ.’

‘ತೆಗೆ.’

‘ತೆಗೆಯಬಾರದು.’

‘ಎಂಥ ಸೇರು ಸಾರ್ ಇದು?’

‘ಒದಿಯೋ’ ಎಂದರು ತಾಯಿ ಹಿಂದಿನಿಂದ. ‘ಸೇರಕ್ಕಿ ಒದಿದಲೇ ಮನೆಯೊಳಿಕ್ಕೆ ಹೋಗ್ತಾರೇನೋ? ಬಲಗಾಲು ಅಂತ ಹಾಕು.’

ಬಲಗಾಲನ್ನು ನಾನು ಬರೆದಿರಲಿಲ್ಲ. ‘ಒದಿ’ ಎಂದರೆ ಸಾಕು ಎಂದು ಮೇಷ್ಟ್ರು ಸಮಾಧಾನ ಹೇಳಿದರು. ಹುಡುಗ ಒಳಗೆ ಹೋದ. ಯಂತ್ರ ಅವನನ್ನು ನೇರ ಎಂಟನೆಯ ಕೋಣೆಯಲ್ಲಿ ನಿಲ್ಲಿಸಿತು. ಉತ್ತರ ಎಂದ, ಗೋಡೆ. ದಕ್ಷಿಣ ಎಂದ, ಗೋಡೆ. ಪಶ್ಚಿಮ, ಗೋಡೆ. ‘ಇದೇನು ಜೈಲಾ ಸಾರ್?’ ಎಂದ. ಮಾವ ಎಲ್ಲರಿಗಿಂತ ಜೋರಾಗಿ ನಕ್ಕರು. ಪೂರ್ವ ಎಂದಾಗ ನಡುಮನೆ ಬಂತು.

‘ನಡುಮನೆಯಲ್ಲಿದ್ದೀಯ. ಮಂಚದ ಮೇಲೆ ಅತ್ತೆ ಇದ್ದಾಳೆ. ಕಂಬದ ಮೇಲೆ ಗಡಿಯಾರ ಇದೆ, ಅದು ಮುಂದೆ ಓಡುತ್ತಿದೆ.’

‘ಅಯ್ಯೋ, ನಮ್ಮನೆ ಗಡಿಯಾರನೂ ಹಂಗೇ ಅಲ್ವೇನೋ!’ ಎಂದರು ತಾಯಿ.

‘ನಮ್ದು ಸರಿಯಾಗೇ ಐತಲ್ಲವ್ವ?’

‘ನಿನ್ನ ಎಬ್ಬಿಸೋಕೇ ಕಣೋ ಅದನ್ನ ಮುಂದಿಟ್ಟಿರೋದು!’

ನೆರೆದವರಿಗೆ ಆಟದ ರುಚಿ ಹತ್ತಿತು. ನಾನು ಯಂತ್ರದ ಹಿಂದಿನ ತಂತಿಗಳನ್ನು ನೋಡುತ್ತಾ ನಿಂತೆ. ಹುಡುಗ ಮತ್ತೆ ಪೂರ್ವ ಎಂದ.

‘ಪಡಸಾಲೆಯಲ್ಲಿ ಗಂಡಸರು ಕೂತಿದ್ದಾರೆ. ಹಿಂದಕ್ಕೆ ಬಂದೆ.’

‘ಕೂತಿದ್ರೇನು?’ ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೋದ. ಇನ್ನೊಮ್ಮೆ ಹಿಂದಕ್ಕೆ ಬಂದ. ‘ಪ್ರೋಗ್ರಾಂ ಕೆಟ್ಟಿದೆ ಸಾರ್. ಬಾಗ್ಲು ತೆರೆದಿದೆ ಅಂತ ಬರೀತದೆ, ಹೋಗೋಕೆ ಬಿಡಲ್ಲ.’

‘ನಾಚ್ಕೆ ಇಲ್ದಂಗೆ ಪದೇ ಪದೇ ಪಡಸಾಲೆಗೆ ಯಾಕ್ ಹೋಗ್ತೀಯಲೇ?’ ತಾಯಿಗೆ ಸಿಟ್ಟೇ ಬಂದಿತ್ತು. ‘ನಾಲ್ಕು ಜನ ಗಂಡಸ್ರು ಕೂತವ್ರೆ ಅಂತ ಹೇಳ್ತಲ್ವಾ ಅದು? ಮನೆಗೆ ಬಂದ್ ಸೊಸೆ ನೀನು.’

ಕಿಟಕಿಯ ಬಳಿ ನನ್ನ ಗೆಳತಿ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಳು.

ಸೊಸೆ ವಾಚು ನೋಡಿಕೊಂಡ. ಅಡುಗೆಮನೆಗೆ ಹೋಗಲು ದಾರಿ ಹುಡುಕಿದ, ದೇವರಮನೆಯಲ್ಲಿ ಇದ್ದ. ಅಡುಗೆಮನೆ ಸಿಕ್ಕ ಮೇಲೆ ಬೆಂಕಿಪೊಟ್ಟಣ ಹುಡುಕಿ ಉಗ್ರಾಣಕ್ಕೆ ಹೊರಟ, ಅಷ್ಟರಲ್ಲಿ ಹಾಲು ಉಕ್ಕಿತು ಎಂದು ಯಂತ್ರ ಬರೆಯಿತು. ‘ನಮ್ಮನೇಲಿ ಉಗ್ರಾಣ ಎಲ್ಲೈತವ್ವ?’ ಎಂದು ತಾಯಿಯ ಕಡೆ ತಿರುಗಿ ಮೆಲ್ಲಗೆ ಕೇಳಿದ. ಅವನು ಹುಟ್ಟಿ ಬೆಳೆದ ಮನೆಯಲ್ಲೇ ಅಷ್ಟು ಹೊತ್ತಿನಿಂದ ಅಲೆಯುತ್ತಿದ್ದ. ಪಡಸಾಲೆ ಒಂದನ್ನು ಬಿಟ್ಟರೆ ಅವನಿಗೆ ಯಾವ ಗುರುತೂ ಹತ್ತಿರಲಿಲ್ಲ, ಅಲ್ಲಿಗೆ ಅವನನ್ನು ಬಿಡುತ್ತಿರಲಿಲ್ಲ.

ತಾಯಿಗೆ ತಡೆಯಲಾಗಲಿಲ್ಲ. ಕುರ್ಚಿಯ ಪಕ್ಕಕ್ಕೆ ಬಂದು ನಿಂತು ಒಂದೊಂದಾಗಿ ಹೇಳತೊಡಗಿದರು. ‘ಹಾಲು ಇಳ್ಸು. ಇಳಿಸ್ದೇನು? ಈಗ ದೀಪ ಹಚ್ಚು. ದೇವರಮನೆಗೆ ಹೋಗೋ, ಎಲ್ಲಂದ್ರಲ್ಲಿ ಹಚ್ತಾರಾ? ಆಯ್ತಾ? ಈಗ ಹೋಗಿ ಕೇಳು.’

‘ಏನು ಕೇಳ್ಲಿ?’

‘ಹೊರಗೆ ಹೋಗ್ಲಾ ಅಂತ ಕೇಳ್ಬೇಕಪ್ಪ. ಕೇಳ್ದಲೇ ಹೋಗ್ತಾರಾ?’

ಅವನ ಬೆರಳು ನಿಂತಿತು. ತೆರೆ, ಒಡೆ, ಎಳೆ, ಜಿಗಿ, ಎಲ್ಲವನ್ನೂ ಪ್ರಯತ್ನಿಸಿದ್ದ, ಇದೊಂದು ಅವನಿಗೆ ಹೊಳೆದಿರಲಿಲ್ಲ. ‘ಕೆ’ ಒತ್ತಿದ, ಮೂಡಲಿಲ್ಲ. ಜೋರಾಗಿ ಒತ್ತಿದ, ಎರಡು ಮೂಡಿದವು. ಮೇಷ್ಟ್ರು ಕೈ ಚಾಚಿ ಹದವಾಗಿ ಒತ್ತಿಕೊಟ್ಟರು.

ಯಂತ್ರ ಸ್ವಲ್ಪ ಯೋಚಿಸಿ ಬರೆಯಿತು. ಮೇಷ್ಟ್ರು ಓದಿದರು. ‘ಈಗ್ಯಾಕೆ? ನಾಳೆ ನೋಡೋಣ.’

‘ಸರಿಯಾಗ್ ಹೇಳ್ತು ನೋಡಿ!’ ತಾಯಿಯ ಮುಖ ಅರಳಿತು. ‘ಹಂಗೇ ಹೇಳ್ಬೇಕು. ದೀಪ ಹಚ್ಚಿದ್ ಹೊತ್ನಲ್ಲಿ ಎಲ್ಲಿಗ್ ಹೋಗೋದು? ಸಾಕು, ಏಳೋ. ಮುಗೀತಲ್ಲ.’

‘ಮುಗಿಯಿತಾ ಸಾರ್? ಗೆದ್ದೆವಾ?’ ಎಂದ ಹುಡುಗ.

ಮೇಷ್ಟ್ರು ನನ್ನ ಕಡೆ ನೋಡಿದರು. ಬಸ್ಸು ಇನ್ನೂ ಸಿಕ್ಕಿರಲಿಲ್ಲ. ಸೊಸೆ ನಡುಮನೆಯಲ್ಲೇ ನಿಂತಿದ್ದಳು. ‘ಗೆದ್ದಂಗೇ ಅಂತ ಇಟ್ಕೊಳಿ’ ಎಂದರು. ಪ್ರಿನ್ಸಿಪಾಲರು ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು.

ತಾಯಿ ನನ್ನ ಹತ್ತಿರ ಬಂದು ಗಲ್ಲ ಹಿಡಿದರು. ಅವರ ಕಣ್ಣಿನಲ್ಲಿ ನಿಜವಾದ ಪ್ರೀತಿ ಇತ್ತು. ನನಗೆ ಹೆದರಿಕೆ ಆದದ್ದು ಅದನ್ನು ಕಂಡೇ. ‘ನಮ್ಮನೇನ ಒಂದಿನ ನೋಡ್ದೋಳಲ್ಲ, ಎಲ್ಲ ತಿಳ್ಕೊಂಡಿದೀಯಲ್ಲವ್ವ. ಓದಿದ್ ಹುಡ್ಗಿ, ರೀತಿ ರಿವಾಜು ಗೊತ್ತಿರಲ್ವೇನೋ ಅಂತ ಒಂದ್ ಭಯ ಇತ್ತು ನಂಗೆ. ಇನ್ನೇನೂ ನೋಡೋದಿಲ್ಲ.’ ಮಾವನ ಕಡೆ ತಿರುಗಿದರು. ‘ನಾಳೆ ಬೇಗ ಬಂದ್ಬಿಡಿ. ರಾಹುಕಾಲ ನೋಡ್ಕೊಂಡು.’

ಆಟವನ್ನು ಬರೆದಾಗ ನನ್ನ ವ್ಯಂಗ್ಯದ ಬಗ್ಗೆ ನನಗೆ ಬಹಳ ಅಭಿಮಾನವಿತ್ತು. ಓದಿದವರಿಗೆ ನಾಟುತ್ತದೆ ಎಂದುಕೊಂಡಿದ್ದೆ. ಅದು ಯಾರಿಗೂ ನಾಟಲಿಲ್ಲ. ಅವರಿಗೆ ಅದು ನನ್ನ ನಡತೆಯ ಪ್ರಮಾಣಪತ್ರವಾಯಿತು. ಪ್ರಿನ್ಸಿಪಾಲರು ನನಗೆ ಸಮಾಧಾನಕರ ಬಹುಮಾನ ಘೋಷಿಸಿದರು, ಗೃಹವಿಜ್ಞಾನದ ವಿಭಾಗದಲ್ಲಿ. ಅದೇ ವಿಭಾಗದಲ್ಲಿ ಮೊದಲ ಬಹುಮಾನ ಒಂದು ಮಾವಿನ ಮಿಡಿ ಉಪ್ಪಿನಕಾಯಿಗೆ ಬಂತು.

‘ಮಿಡಿ ಚೆನ್ನಾಗಿತ್ತು’ ಎಂದಳು ಗೆಳತಿ, ರೈಲ್ವೆ ಸ್ಟೇಷನ್ನಿನವರೆಗೆ ನನ್ನ ಜೊತೆ ನಡೆಯುತ್ತಾ. ಆಮೇಲೆ, ‘ನಿನ್ನ ಆಟ ನೀನೇ ಒಂದ್ಸಲನಾದ್ರೂ ಆಡಿದೀಯೇನೇ?’ ಎಂದಳು. ಯೋಚಿಸಿದೆ. ಮೊದಲಿನಿಂದ ಕೊನೆಯವರೆಗೆ ಒಮ್ಮೆಯೂ ಆಡಿರಲಿಲ್ಲ.

ಆ ಸಂಜೆ ಅಜ್ಜಂಪುರದ ಮನೆಯಲ್ಲಿ ಮಾವ ನನಗಿಂತ ಮೊದಲೇ ಬಂದು ಕಥೆ ಶುರು ಮಾಡಿದ್ದರು. ‘ಮಿಷಿನ್ನಿನ ಮುಂದೇನೇ ಪಾಸಾಗ್ಬಿಟ್ಳು ಭಾವ! ಇನ್ನು ಏಪ್ರಿಲ್ಲಿನ ಪರೀಕ್ಷೆ ಯಾಕೆ ಹೇಳಿ?’ ಅಪ್ಪಾಜಿ ನಕ್ಕರು. ದೊಡ್ಡಮ್ಮ ದೃಷ್ಟಿ ತೆಗೆದರು. ಅಮ್ಮ ಮಾತ್ರ ನನ್ನ ತಟ್ಟೆಗೆ ಮುದ್ದೆ ಇಡುತ್ತಾ, ‘ಹೊರಗೆ ಬರೋದೈತಾ ಆ ಆಟದಲ್ಲಿ?’ ಎಂದು ಕೇಳಿದಳು.

‘ಇದೆ.’

‘ಯಾರಾದ್ರು ಬಂದ್ರಾ?’

‘ಇಲ್ಲ.’

ಅವಳು ಸಾರು ಬಡಿಸಿದಳು.

ಮರುದಿನ ಬೆಳಿಗ್ಗೆ ನಾನು ಎದ್ದು, ತಲೆ ಬಾಚಿ, ಪುಸ್ತಕದ ಚೀಲ ಹೆಗಲಿಗೆ ಹಾಕಿಕೊಂಡು ಪಡಸಾಲೆಗೆ ಬಂದೆ. ಅಪ್ಪಾಜಿ ಕಿಟಕಿಗೆ ಕನ್ನಡಿ ಒರಗಿಸಿ ಗಡ್ಡ ಮಾಡಿಕೊಳ್ಳುತ್ತಿದ್ದರು. ಮಾವ ಪಂಚೆ ಶಲ್ಯದಲ್ಲಿ ಸಿದ್ಧರಾಗಿ ಪಂಚಾಂಗ ನೋಡುತ್ತಿದ್ದರು. ತರೀಕೆರೆಗೆ ಹೋಗಬೇಕಾದ ಹಣ್ಣುಕಾಯಿಯ ಚೀಲ ಹೊಸಿಲ ಮೇಲೆ ಕೂತಿತ್ತು.

‘ಇವತ್ತೆಲ್ಲಿಗವ್ವ?’ ಎಂದರು ಅಪ್ಪಾಜಿ ಕನ್ನಡಿಯಲ್ಲಿ.

‘ಕಾಲೇಜಿಗೆ. ನೀವು ತರೀಕೆರೆಗೆ ಹೋಗೋದು ಬೇಡ ಅಪ್ಪಾಜಿ. ನನಗೆ ಆ ಮನೆ ಬೇಡ.’

ರೇಜರು ಅರ್ಧ ಕೆನ್ನೆಯಲ್ಲಿ ನಿಂತಿತು.

‘ಇವಳ್ನ ಯಾರ್ ಕೇಳಿದ್ರು ಈಗ?’ ಎಂದರು ಮಾವ.

‘ಯಾರೂ ಕೇಳಿಲ್ಲ ಮಾವ. ಅದಕ್ಕೇ ನಾನೇ ಹೇಳ್ತಿದೀನಿ.’

‘ಬೇಡ ಅಂದ್ರೆ, ಕಾರಣ ಏನವ್ವ?’ ಅಪ್ಪಾಜಿ ತಿರುಗಿದರು. ಅರ್ಧ ಮುಖಕ್ಕೆ ಸೋಪಿತ್ತು.

‘ಆ ಕೋಣೆಗೆ ಒಂದೇ ಬಾಗಿಲು.’

ಅವರು ರೇಜರನ್ನು ಕಿಟಕಿಯ ಮೇಲಿಟ್ಟರು. ‘ಅದಕ್ಕೇನಂತೆ, ಇನ್ನೊಂದು ಬಾಗ್ಲು ಒಡೆಸಿ ಅಂತ ಹೇಳಿದ್ರಾಯ್ತಪ್ಪ’ ಎಂದರು. ಅವರು ಹಾಸ್ಯ ಮಾಡುತ್ತಿರಲಿಲ್ಲ.

‘ಪರೀಕ್ಷೆ ಬರೀತೀನಿ ಅಪ್ಪಾಜಿ. ಅದು ಮುಗೀಲಿ.’

ಮಾವ ನನ್ನನ್ನೂ, ನನಗೆ ಓದು ಕಲಿಸಿದವರನ್ನೂ ಒಟ್ಟಿಗೇ ಬೈಯಲು ಶುರು ಮಾಡಿದರು. ಅಮ್ಮ ಒಳಗಿನಿಂದ ಬಂದು ನನ್ನ ಕೈಗೆ ಬುತ್ತಿಯ ಡಬ್ಬಿ ಕೊಟ್ಟು, ‘ಗಾಡಿ ಹೊತ್ತಾಯ್ತು’ ಎಂದಳು. ನಾನು ಹೊಸಿಲ ಮೇಲಿನ ಚೀಲವನ್ನು ಎತ್ತಿ ಪಕ್ಕಕ್ಕೆ ಇಟ್ಟೆ. ಇಡುವ ಮುಂಚೆ ಅದರೊಳಗಿನ ಚಿಪ್ಪಿನಿಂದ ಎರಡು ಬಾಳೆಹಣ್ಣು ಕಿತ್ತುಕೊಂಡೆ. ಒಂದನ್ನು ಗೆಳತಿಗೆಂದು ಪುಸ್ತಕದ ಚೀಲದಲ್ಲಿಟ್ಟು, ಇನ್ನೊಂದನ್ನು ಅಜ್ಜಂಪುರದ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು, ಬೀರೂರು ದಾಟಿ ಕಡೂರಿಗೆ ಹೋಗುವ ಗಾಡಿ ಬರುವ ಮುಂಚೆ, ನಿಧಾನವಾಗಿ ತಿಂದೆ.